ಪ್ಯಾಂಥರ್ ಮೊದಲು ಒಂದು ಓಟಿನ ಗುರುತು

ಪ್ಯಾಂಥರ್ ಅಂದಕೂಡಲೇ ನಮಗೆ ನೆನಪಾಗುವುದು 1972ರ ಮುಂಬಯಿ. ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ. ಅವರು ಆ ಹೆಸರು ತಗೊಂಡದ್ದು 1966ರ ಅಕ್ಟೋಬರಿನಲ್ಲಿ ಅಮೆರಿಕದ ಓಕ್‌ಲ್ಯಾಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಕಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯಿಂದ. ಇಷ್ಟು ನಮ್ಮ ಹುಡುಗರಿಗೆಲ್ಲ ಗೊತ್ತು. ಓಕ್‌ಲ್ಯಾಂಡಿಗೆ ಪ್ಯಾಂಥರ್ ಎಲ್ಲಿಂದ ಬಂತು ಅಂತ ಕೇಳಿದರೆ ಮಾತ್ರ ಸಭೆ ಸುಮ್ಮನಾಗುತ್ತದೆ. ಅದು ಬಂದದ್ದು ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿ ಎಂಬ ಹತ್ತಿ ಬೆಳೆಯುವ ಹಳ್ಳಿಗಾಡಿನಿಂದ. ಅಲ್ಲಿ ಅದು ಚುನಾವಣೆಯ ಗುರುತು. ಅಕ್ಷರ ಬಾರದವರು ಓಟು ಹಾಕಲಿ ಅಂತ ಬರೆದ ಚಿತ್ರ.

ಕೌಂಟಿ ಅಂದರೆ ನಮ್ಮ ತಾಲ್ಲೂಕು ಅಂತಿಟ್ಟುಕೊಳ್ಳಿ. ಲೌಂಡ್ಸಿನಲ್ಲಿ ಆಗ ಸುಮಾರು 15,000 ಜನ, ನೂರಕ್ಕೆ 80 ಮಂದಿ ಕಪ್ಪು ಜನ. ಭೂಮಿಯಲ್ಲಿ ನೂರಕ್ಕೆ 90 ಪಾಲು 86 ಬಿಳಿ ಮನೆತನಗಳ ಕೈಲಿತ್ತು. 1965ರ ಫೆಬ್ರವರಿ ಮುಗಿಯುವ ತನಕ ಅಲ್ಲಿನ ಮತದಾರರ ಪಟ್ಟಿಯಲ್ಲಿ ಕಪ್ಪು ಜನರದ್ದು ಒಂದೇ ಒಂದು ಹೆಸರಿರಲಿಲ್ಲ. ಬಿಳಿಯರದ್ದೋ, ವಯಸ್ಸಿಗೆ ಬಂದವರ ಲೆಕ್ಕಕ್ಕಿಂತ ಪಟ್ಟಿಯ ಲೆಕ್ಕವೇ ಜಾಸ್ತಿ. ಸತ್ತವರು ಪಟ್ಟಿಯಲ್ಲಿ ಬದುಕಿದ್ದರು, ಹೊಲದಲ್ಲಿ ಬೆವರು ಸುರಿಸೋರು ಇರಲಿಲ್ಲ.

ಕಾನೂನು ಏನು ಹೇಳ್ತಿತ್ತು? ಬಣ್ಣದ ಕಾರಣಕ್ಕೆ ಓಟು ತಪ್ಪಿಸಬಾರದು ಅಂತ 1870ರಲ್ಲೇ ಅಮೆರಿಕದ ಸಂವಿಧಾನಕ್ಕೆ ತಿದ್ದುಪಡಿ ಆಗಿತ್ತು. ಅಲಬಾಮಾದವರು 1901ರಲ್ಲಿ ತಮ್ಮ ರಾಜ್ಯಕ್ಕೆ ಬೇರೆ ಸಂವಿಧಾನ ಬರೆದುಕೊಂಡು, ಬಣ್ಣದ ಮಾತೇ ಎತ್ತದೆ ಕೆಲಸ ಮುಗಿಸಿದರು. ಹೆಸರು ಬರೆಸಬೇಕಾದರೆ ಹೇನ್‌ವಿಲ್ ಊರಿನ ಕೋರ್ಟಿಗೆ ಹೋಗಬೇಕು. ಕಚೇರಿ ತೆಗೆಯೋದು ತಿಂಗಳಲ್ಲಿ ಎರಡು ಸೋಮವಾರ. ಅರ್ಜಿ ತುಂಬಬೇಕು, ಅಕ್ಷರ ಪರೀಕ್ಷೆ ಕೊಡಬೇಕು, ಸಂವಿಧಾನದ ಕಲಮು ಓದಬೇಕು. ಪಾಸೋ ಫೇಲೋ ಹೇಳುವವನು ಬಿಳಿ ನೋಂದಣಿಗಾರ. ಅದೇ ರಾಜ್ಯದ ಮೇಕನ್ ಕೌಂಟಿಯ ಟಸ್ಕೀಗಿಯಲ್ಲಿ ಕಾಲೇಜು ಪಾಠ ಹೇಳುವ ಕಪ್ಪು ಮೇಷ್ಟ್ರುಗಳಿಗೇ ಹೆಸರು ಹಚ್ಚಿಸಲಿಕ್ಕೆ ಆಗುತ್ತಿರಲಿಲ್ಲ ಅಂದಮೇಲೆ, ಪರೀಕ್ಷೆ ನಡೀತಿದ್ದದ್ದು ಅಕ್ಷರಕ್ಕಲ್ಲ ಅಂತ ಗೊತ್ತಾಗುತ್ತದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಆ ಮೇಜಿನ ಮುಂದೆ ನಿಂತಿದ್ದರೆ ನನ್ನ ಸರ್ಟಿಫಿಕೇಟು ಬೀಸಣಿಗೆಗೆ ಆಗುತ್ತಿತ್ತು. ಇಷ್ಟಾದ ಮೇಲೆ, ಈಗಾಗಲೇ ಪಟ್ಟಿಯಲ್ಲಿರುವ ಒಬ್ಬ ಇವನು ಒಳ್ಳೆಯವನು ಅಂತ ಸಾಕ್ಷಿ ಹೇಳಬೇಕು. ಪಟ್ಟಿಯಲ್ಲಿ ಇರೋರೆಲ್ಲ ಬಿಳಿಯರು. ಇದರ ಮೇಲೆ ವರ್ಷಕ್ಕೆ ಒಂದೂವರೆ ಡಾಲರ್ ಓಟಿನ ತೆರಿಗೆ, ಬಾಕಿ ಬಿದ್ದರೆ ಅದೂ ಕೂಡುತ್ತದೆ. ರಾಜ್ಯದ ಚುನಾವಣೆಗೆ ಈ ತೆರಿಗೆ 1966ರವರೆಗೂ ಇತ್ತು.

1965ರ ಮಾರ್ಚ್ 1ರಂದು ಜಾನ್ ಹ್ಯೂಲೆಟ್ ಅನ್ನುವವರ ಜೊತೆ ಒಂದು ಗುಂಪು ಕೋರ್ಟಿಗೆ ಹೋಯಿತು. ವಾಪಸು ಕಳಿಸಿದರು. ಮತ್ತೆ ಹೋದರು. ಅದೇ ತಿಂಗಳು ಹ್ಯೂಲೆಟ್ ಹೆಸರು ಪಟ್ಟಿಗೆ ಸೇರಿತು. ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆ ಬಂತು, ಅಕ್ಷರ ಪರೀಕ್ಷೆ ನಿಂತಿತು, ಕೇಂದ್ರ ಸರ್ಕಾರದ ನೋಂದಣಿಗಾರರು ಲೌಂಡ್ಸಿಗೆ ಬಂದರು. ಆದರೆ ಕಾಯ್ದೆ ಬಂದು ಎರಡೇ ವಾರಕ್ಕೆ, ಆಗಸ್ಟ್ 20ರಂದು, ಚಳವಳಿಗೆ ಬಂದಿದ್ದ ಜೊನಾಥನ್ ಡೇನಿಯಲ್ಸ್ ಎಂಬ ಬಿಳಿ ವಿದ್ಯಾರ್ಥಿಯನ್ನು ಹೇನ್‌ವಿಲ್ಲಿನಲ್ಲಿ ಹಗಲುಹೊತ್ತೇ ಗುಂಡಿಟ್ಟು ಕೊಂದರು. ಕೊಂದವನನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಟ್ಟು ಕಳಿಸಿತು. ಹೆಸರು ಬರೆಸಿದ ಒಕ್ಕಲುಗಳನ್ನು ಧಣಿಗಳು ಹೊಲದಿಂದಲೂ ಗುಡಿಸಲಿನಿಂದಲೂ ಎಬ್ಬಿಸಿದರು. ಪಾಲಿಗೆ ಉಳುತ್ತಿದ್ದ ಆ ಸಂಸಾರಗಳು ಡಿಸೆಂಬರ್ ಚಳಿಯಲ್ಲಿ ಹೆದ್ದಾರಿ ಪಕ್ಕ ಡೇರೆ ಹಾಕಿಕೊಂಡು ಕೂತವು. ಓಟಿನ ಬೆಲೆ ಎಷ್ಟು ಅಂತ ಯಾರಾದರೂ ಕೇಳಿದರೆ ಆ ಡೇರೆಗಳನ್ನು ತೋರಿಸಬಹುದು.

ಹೆಸರೇನೋ ಸೇರಿತು, ಓಟು ಯಾರಿಗೆ? ಅಲಬಾಮಾದ ಡೆಮಾಕ್ರಟಿಕ್ ಪಕ್ಷದ ಗುರುತು ಬಿಳಿ ಹುಂಜ. 1966ರ ಆರಂಭದವರೆಗೂ ಅದರ ತಲೆಯ ಮೇಲೆ ಬಿಳಿಯರ ಮೇಲುಗೈ ಸಾರುವ ಬರಹವೇ ಇತ್ತು. ಆ ಹುಂಜದ ಕಾಲು ಹಿಡಿಯೋದು ಬೇಡ, ನಮ್ಮದೇ ಪಕ್ಷ ಇರಲಿ ಅಂತ ಹ್ಯೂಲೆಟ್ ಮತ್ತು ಸ್ಟೋಕ್ಲಿ ಕಾರ್ಮೈಕೇಲ್‌ರಂಥ ಸ್ನಿಕ್ ಸಂಘಟನೆಯ ಹುಡುಗರು ತೀರ್ಮಾನಿಸಿದರು. ರಾಜ್ಯದ ಕಾನೂನು ಹುಡುಕಿದಾಗ ಕೌಂಟಿ ಮಟ್ಟದಲ್ಲೇ ಪಕ್ಷ ಕಟ್ಟಬಹುದು ಅಂತ ಗೊತ್ತಾಯಿತು. ಪಕ್ಷಕ್ಕೆ ಗುರುತು ಬೇಕು. ಮೊದಲು ಪಾರಿವಾಳ ಬರೆದು ನೋಡಿದರಂತೆ, ಜನಕ್ಕೆ ಹಿಡಿಸಲಿಲ್ಲ. ಆಮೇಲೆ ಬಂದದ್ದು ಕರಿ ಪ್ಯಾಂಥರ್.

ನನಗೆ ಈ ಚರಿತ್ರೆಯಲ್ಲಿ ತುಂಬಾ ದೊಡ್ಡದಾಗಿ ಕಾಣುವುದು ಆಮೇಲೆ ನಡೆದ ಪಾಠ. ಶೆರಿಫ್ ಅಂದರೆ ಯಾರು, ಅವನಿಗೆ ಏನೇನು ಅಧಿಕಾರ, ಕಂದಾಯ ಗೊತ್ತುಮಾಡುವವನು ಧಣಿಯ ಜಮೀನಿಗೆ ಎಷ್ಟು ಹಾಕ್ತಾನೆ, ಶಾಲಾ ಮಂಡಳಿಯ ದುಡ್ಡು ಎಲ್ಲಿಗೆ ಹೋಗುತ್ತೆ, ಇದನ್ನೆಲ್ಲ ಚಿತ್ರಕತೆಯ ಪುಸ್ತಿಕೆ ಮಾಡಿ ಮನೆಮನೆಗೆ ಹಂಚಿದರು. ಚರ್ಚುಗಳಲ್ಲಿ ರಾತ್ರಿ ಕೂತು ಮಾತಾಡಿದರು. 1966ರ ಮೇ 3ರಂದು ಸುಮಾರು 900 ಜನ ಸೇರಿ, ಪ್ಯಾಂಥರ್ ಗುರುತಿನ ಕೆಳಗೆ ನಿಲ್ಲುವ ಏಳು ಅಭ್ಯರ್ಥಿಗಳನ್ನು ಆರಿಸಿದರು.

ನವೆಂಬರ್ 8ರಂದು ರಾಜ್ಯದ ಸಾರ್ವತ್ರಿಕ ಚುನಾವಣೆ. ಏಳೂ ಮಂದಿ ಸೋತರು. ಧಣಿಗಳು ಲಾರಿಯಲ್ಲಿ ಕೂಲಿಗಳನ್ನು ತುಂಬಿಕೊಂಡು ಬಂದು ತಮ್ಮ ಕಡೆಗೇ ಓಟು ಹಾಕಿಸಿದ್ದರು. ಇದಕ್ಕೆ ನಮ್ಮ ಕಡೆ ಓದುಗರಿಗೆ ವಿವರಣೆ ಬೇಕಿಲ್ಲ. ಆದರೂ ಪಕ್ಷಕ್ಕೆ ಮಾನ್ಯತೆ ಸಿಗಲು ನೂರಕ್ಕೆ 20 ಓಟು ಸಾಕಿತ್ತು, ಅದನ್ನು ಮೀರಿ ಬಂತು. ನಾಲ್ಕು ವರ್ಷ ಬಿಟ್ಟು, 1970ರಲ್ಲಿ, ಜಾನ್ ಹ್ಯೂಲೆಟ್ ಅದೇ ಕೌಂಟಿಯ ಶೆರಿಫ್ ಆದರು.

ನಮಗೆ ಓಟು ಬೇರೆ ದಾರಿಯಲ್ಲಿ ಬಂತು. ಅಂಬೇಡ್ಕರ್ 1928ರಲ್ಲೇ ಸೈಮನ್ ಆಯೋಗದ ಮುಂದೆ ವಯಸ್ಕರಿಗೆಲ್ಲ ಓಟು ಕೇಳಿದ್ದರು. ಸಂವಿಧಾನದ 326ನೇ ವಿಧಿಯಲ್ಲಿ ಅಕ್ಷರವನ್ನೂ ಕೇಳಲಿಲ್ಲ, ಆಸ್ತಿಯನ್ನೂ ಕೇಳಲಿಲ್ಲ. 1951-52ರಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಅಂಬೇಡ್ಕರರ ಪರಿಶಿಷ್ಟ ಜಾತಿ ಫೆಡರೇಷನ್ನಿನದು ಆನೆ. ಆದರೆ ಪಟ್ಟಿಯ ಕತೆ ನಮ್ಮಲ್ಲೂ ಸಲೀಸಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಮಾತ್ರ ಹೇಳಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಆಗ ಪಟ್ಟಿಯಿಂದ ಬಿಡಲಾಯಿತು. 2025ರಲ್ಲಿ ಬಿಹಾರದ ಪರಿಷ್ಕರಣೆಯಲ್ಲಿ ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದವು. ಆ ಹೆಸರುಗಳನ್ನೂ ಕಾರಣಗಳನ್ನೂ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಮತಗಟ್ಟೆ ಅಧಿಕಾರಿಗಳಾಗಿ ಪಟ್ಟಿ ಹಿಡಿದು ಕೇರಿಗೆ ಬರುತ್ತೀರಿ. ನಮ್ಮ ಹುಡುಗರು ನಿಮ್ಮ ಜೊತೆ ಬರಲಿ. ಹೊಸ ಹೆಸರಿಗೆ 6ನೇ ನಮೂನೆ. 18 ತುಂಬಿತೇ ಅಂತ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳ ಲೆಕ್ಕದಲ್ಲಿ ನೋಡುತ್ತಾರೆ. ತಿದ್ದುಪಡಿಗೆ 8ನೇ ನಮೂನೆ. ಹೆಸರು ತೆಗೆಸಲು 7ನೆಯದು, ಅದರ ಮೇಲೆ ಕಣ್ಣಿರಲಿ. ಕೈಯಲ್ಲಿ ಗುರುತಿನ ಚೀಟಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ನಾಮಪತ್ರ ಸಲ್ಲಿಸುವ ಕೊನೆ ದಿನ ಕಳೆದ ಮೇಲೆ ಹೆಸರು ಸೇರಿಸುವ ಹಾಗಿಲ್ಲ. ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಬೆಂಗಳೂರಿನ ಗಾರೆ ಕೆಲಸಕ್ಕೋ ಹೋದವರನ್ನು 'ಊರಲ್ಲಿಲ್ಲ' ಅಂತ ಯಾರಾದರೂ ಹೊಡೆದುಹಾಕಲು ಬಂದರೆ, 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ತೆಗೆದು ಓದಿ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಊರಿನ ವಾಸಿಯಲ್ಲ ಅಂತ ಆಗುವುದಿಲ್ಲ.