ವಾರದ ರಜೆ: ಶನಿವಾರದ ಗಾಣ, ಭಾನುವಾರದ ಗಿರಣಿ

ಘೋಡಬಂದರ್ ರಸ್ತೆಯ ಟವರುಗಳಲ್ಲಿ ನನ್ನ ಹಾಗೆ ಲ್ಯಾಪ್‌ಟಾಪ್ ಮುಂದೆ ಕೂತಿರುವ ಕನ್ನಡದವರಿಗೆ ಇವತ್ತಿನ ಮಾತು. ವಿಷಯ ವಾರದ ರಜೆ. ಇದನ್ನು ಕೊಟ್ಟವರು ಯಾರು ಅಂತ ಕೇಳಿದರೆ ಹೆಚ್ಚಿನವರು "ಬ್ರಿಟಿಷರು" ಅಂತಾರೆ. ಉತ್ತರ ಅಷ್ಟು ಸುಲಭ ಇಲ್ಲ. ಅದರ ಒಂದು ತುದಿ ಬೈಬಲಿನ ಸೃಷ್ಟಿಕಥೆಯಲ್ಲಿದೆ, ಇನ್ನೊಂದು ತುದಿ ನಮ್ಮ ಠಾಣೆಯಲ್ಲೇ ಇದೆ.

ಆದಿಕಾಂಡದ ಮೊದಲ ಅಧ್ಯಾಯ ನೋಡಿ. ಬೆಳಕು ಹುಟ್ಟೋದು ಮೊದಲನೇ ದಿನ, ಸೂರ್ಯ ಚಂದ್ರ ಬರೋದು ನಾಲ್ಕನೇ ದಿನ. ಅದೂ ಹೆಸರಿಲ್ಲದೆ: ಹಗಲಿಗೊಂದು ದೊಡ್ಡ ಬೆಳಕು, ರಾತ್ರಿಗೊಂದು ಚಿಕ್ಕದು, ಅಷ್ಟೇ. ಬ್ಯಾಬಿಲೋನಿನಲ್ಲಿ ಸೂರ್ಯ ದೇವರು, ಹೆಸರು ಶಮಶ್. ಹೀಬ್ರೂವಿನಲ್ಲೂ ಅದೇ ಮೂಲದ ಶೆಮೆಶ್ ಅನ್ನೋ ಪದ ಇದೆ, ಆದರೆ ಇಲ್ಲಿ ಬಳಸಿಲ್ಲ. ಬೇಕಂತಲೇ ಬಿಟ್ಟಿದ್ದಾರೆ ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಈ ಕಥೆಯಲ್ಲಿ ಸೂರ್ಯ ಕಾಲ ತೋರಿಸುವ ಆಳು ಮಾತ್ರ.

ಆರು ದಿನ ಕೆಲಸ, ಏಳನೇ ದಿನ ದೇವರೇ ವಿಶ್ರಮಿಸಿದ. ಇಲ್ಲೊಂದು ಸೂಕ್ಷ್ಮ ಇದೆ. ದಿನಕ್ಕೆ ಸೂರ್ಯ ಸಾಕ್ಷಿ, ತಿಂಗಳಿಗೆ ಚಂದ್ರ, ವರ್ಷಕ್ಕೆ ಋತು. ವಾರಗಳಿಗೆ ಗ್ರಹಗಳ ಹೆಸರು ಇಟ್ಟಿದ್ದೇವೆ ನಿಜ, ಆದರೆ ಏಳನೇ ದಿನ ಬಂತು ಅಂತ ಆಕಾಶದಲ್ಲಿ ಯಾವ ಗುರುತೂ ಕಾಣಲ್ಲ. ಕತ್ತಲೆ ತಾನಾಗಿ ಬರುತ್ತೆ, ರಜೆಯನ್ನು ಮನುಷ್ಯರೇ ಎಣಿಸಿ ಕಾಪಾಡಬೇಕು. ಹತ್ತು ಆಜ್ಞೆಗಳಲ್ಲಿ ಈ ವಿಶ್ರಾಂತಿ ಆಳುಕಾಳಿಗೂ ಉಂಟು, ದನಕರುವಿಗೂ ಉಂಟು, ಹೊರಗಿಂದ ಬಂದು ನೆಲೆಸಿದವನಿಗೂ ಉಂಟು.

ಇದನ್ನು ಪಾಲಿಸಿದವರು ಕೊಂಕಣದಲ್ಲೇ ಇದ್ದರು. ಬೆನೆ ಇಸ್ರೇಲ್ ಯಹೂದಿಗಳು ಇಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು. ಆಡೋದು ಮರಾಠಿ, ಆದರೆ ಶನಿವಾರ ಗಾಣ ಬಂದ್. ಹಾಗಾಗಿ ಊರವರು ಇಟ್ಟ ಹೆಸರು ಶನಿವಾರ ತೇಲಿ, ಅಂದರೆ ಶನಿವಾರ ಕೆಲಸ ಬಿಡುವ ಗಾಣಿಗರು. ಸೃಷ್ಟಿಕಥೆಯಲ್ಲಿ ಸಂಜೆ ಮೊದಲು, ಬೆಳಗ್ಗೆ ಆಮೇಲೆ. ಅದಕ್ಕೇ ಯಹೂದಿಗಳ ಸಬ್ಬತ್ ಶುಕ್ರವಾರ ಹೊತ್ತು ಮುಳುಗಿದಾಗಲೇ ಶುರು. ಆ ದಿನ ಬೆಂಕಿ ಹೊತ್ತಿಸುವಂತಿಲ್ಲ, ದೀಪ ಮೊದಲೇ ಹಚ್ಚಿಡಬೇಕು. 1879ರಲ್ಲಿ ಠಾಣೆಯಲ್ಲಿ ಕಟ್ಟಿದ ಅವರ ಸಿನಗಾಗ್, ಶಾರ್ ಹಶಮಾಯಿಮ್, ಈಗಲೂ ಇದೆ.

ಗಾಣ ಸ್ವಂತದ್ದು, ನಿಲ್ಲಿಸಬಹುದು. ಗಿರಣಿ ಮಾಲೀಕನದು, ಅಲ್ಲಿ ಏನು ಮಾಡೋದು? ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಬೆಳಕು ಹರಿದಾಗಿಂದ ಕತ್ತಲಾಗೋವರೆಗೆ ದುಡಿಮೆ. 1881ರ ಫ್ಯಾಕ್ಟರಿ ಕಾಯ್ದೆ ಮಕ್ಕಳಿಗೆ ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು, ದೊಡ್ಡವರಿಗೆ ಒಂದೂ ಇಲ್ಲ. ಆಗ ಎದ್ದು ನಿಂತವರು ಜೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ. 1848ರಲ್ಲಿ ಅವರು ಹುಟ್ಟಿದ್ದು ಇದೇ ಠಾಣೆಯಲ್ಲಿ. 1884ರಲ್ಲಿ ಸುಮಾರು 5,500 ಕಾರ್ಮಿಕರ ಸಹಿಯೊಂದಿಗೆ ಕೊಟ್ಟ ಮನವಿಯಲ್ಲಿ ಕೇಳಿದ್ದರಲ್ಲಿ ಇವೂ ಇದ್ದವು: ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಗ್ಗೆ ಆರೂವರೆಗೆ ಕೆಲಸ ಶುರು, ಸೂರ್ಯ ಮುಳುಗಿದ ಮೇಲೆ ಕೆಲಸ ಇಲ್ಲ.

ಭಾನುವಾರವೇ ಯಾಕೆ? ಲೋಖಂಡೆಯವರು ಕೊಟ್ಟ ಕಾರಣಗಳಲ್ಲಿ ಒಂದು, ಅದು ಖಂಡೋಬನ ವಾರ ಅಂತ. ಖಂಡೋಬ ಅಂದರೆ ನಮ್ಮ ಮೈಲಾರಲಿಂಗನೇ. ಜೇಜುರಿಯಲ್ಲಿ ಕೂಗೋ "ಯೇಳಕೋಟ್", ನಮ್ಮ ಮೈಲಾರದಲ್ಲೂ ದೇವರಗುಡ್ಡದಲ್ಲೂ ಕೇಳುವ "ಏಳುಕೋಟಿ". ಆ ದೇವರ ಇನ್ನೊಂದು ಹೆಸರು ಮಾರ್ತಾಂಡ ಭೈರವ. ಮಾರ್ತಾಂಡ ಅಂದರೆ ಸೂರ್ಯ. ಆದಿಕಾಂಡ ಹೆಸರಿಸದೆ ಬಿಟ್ಟ ಸೂರ್ಯ ಇಲ್ಲಿ ಕೂಲಿಯವರ ಪರ ಸಾಕ್ಷಿಗೆ ಬಂದ!

1890ರ ಏಪ್ರಿಲ್‌ನಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರ ಸಭೆ ಸೇರಿತು. ಇಬ್ಬರು ಹೆಣ್ಣುಮಕ್ಕಳೂ ಎದ್ದು ಮಾತಾಡಿದರು. ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾಯ್ದೆಯಲ್ಲಿ ವಾರದ ರಜೆ ಸೇರಿತು. ಮನವಿ ಕೊಟ್ಟ ಮೇಲೆ ಆರು ವರ್ಷ ಹಿಡಿಯಿತು.

ಆದರೂ ಗಂಡಸರ ದಿನದ ಕೆಲಸಕ್ಕೆ ಮಿತಿ ಹಾಕಿದ್ದು ಸೂರ್ಯ ಒಬ್ಬನೇ. ಗಿರಣಿಗಳಿಗೆ ವಿದ್ಯುತ್ ದೀಪ ಬಂದಾಗ ಅವನ ಮಾತೂ ನಡೆಯಲಿಲ್ಲ. 1905ರ ಹೊತ್ತಿಗೆ ದುಡಿಮೆ ಹದಿನಾಲ್ಕು ಗಂಟೆ ದಾಟಿತು, ಕಾರ್ಮಿಕರು ಬೀದಿಗಿಳಿದರು. 1911ರ ಕಾಯ್ದೆಯಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ಹನ್ನೆರಡು ಗಂಟೆಯ ಮಿತಿ ಬಂತು.

ನಮ್ಮ ಕೆಲಸದಲ್ಲಂತೂ ಹೊತ್ತು ಮುಳುಗೋದೇ ಇಲ್ಲ. ಇಲ್ಲಿ ರಾತ್ರಿ ಆದರೆ ಕ್ಲೈಂಟ್‌ಗೆ ಬೆಳಗ್ಗೆ. ವೀಕೆಂಡ್ ಆನ್‌ಕಾಲ್ ಮಾಡಿದರೆ ಬದಲಿ ರಜೆ ಕೇಳೋಕೆ ನಾವು ನಾಚಿಕೊಳ್ತೀವಿ. ನಾಚಿಕೆ ಬೇಡ, ಕೇಳಿ. ಹಾಗೇ ಇನ್ನೊಂದು ವಿಚಾರಿಸಿ: ನಮ್ಮ ಸೊಸೈಟಿಯ ವಾಚ್‌ಮನ್‌ಗೆ, ಮನೆಕೆಲಸಕ್ಕೆ ಬರುವ ತಾಯಿಗೆ ವಾರದಲ್ಲಿ ಒಂದು ದಿನ ಸಿಗುತ್ತಾ? ಅವರೂ ನಮ್ಮ ಹಾಗೆ ಎಲ್ಲಿಂದಲೋ ಬಂದವರು. ಆ ಏಳನೇ ದಿನದಲ್ಲಿ ಅವರದೂ ಪಾಲಿದೆ.

ಮತ್ತೆ ಸಿಗೋಣ.