ಗುಜರಿಯ ಕೆಳಗಿನ ಹಳ್ಳ

ಹೊಸನಗರದ ಕಡೆಯ ನಮ್ಮ ಮನೆಗೆ ಗುಜರಿಯವರು ಬರುತ್ತಿದ್ದುದು ಬೇಸಗೆಯಲ್ಲಿ, ಅಡಿಕೆ ಸುಗ್ಗಿ ಮುಗಿದ ಮೇಲೆ. ತೂತುಬಿದ್ದ ಅಡಿಕೆ ಬೇಯಿಸುವ ಹಂಡೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದೂ ಹೊಡೆದೂ ಸವೆದ ಹಿತ್ತಾಳೆ ಪಂಪು, ಹಿಡಿ ಮುರಿದ ಕತ್ತಿ ಎಲ್ಲವನ್ನೂ ಅಜ್ಜಿ ಅಟ್ಟದಿಂದ ಇಳಿಸಿ ಜಗಲಿಗೆ ತಂದಿಡುತ್ತಿದ್ದಳು. ಕಲಾಯಿ ಹಾಕುವವರು, ಬೆಸುಗೆಯವರು ಕೈಬಿಟ್ಟದ್ದು ಮಾತ್ರ ಗುಜರಿಗೆ. ಚೌಕಾಸಿ ಮುಗಿದು ಗೋಣಿಚೀಲ ತುಂಬಿತೆಂದರೆ ಆ ಸಾಮಾನು ಸಾಗರಕ್ಕೋ ಶಿವಮೊಗ್ಗಕ್ಕೋ ಹೋಯಿತೆಂದೇ ಲೆಕ್ಕ.

ಈಗ ಗುಜರಿ ಬಂದು ಹೋಗುವುದಿಲ್ಲ, ಕೂತಿರುತ್ತದೆ. ಸಾಮಾನೂ ಬೇರೆ: ಬೈಕಿನ ಬ್ಯಾಟರಿ, ಎಣ್ಣೆ ಜಿನುಗುವ ಎಂಜಿನ್, ಟಿವಿ, ಫ್ರಿಜ್ಜು, ತಾಮ್ರಕ್ಕಾಗಿ ಸುಟ್ಟ ವೈರು. ರಸ್ತೆ ಬದಿಯ ತಗ್ಗು ಜಾಗಕ್ಕೆ ಬಾಡಿಗೆ ಕಡಿಮೆ, ಹಾಗಾಗಿ ರಾಶಿ ಬೀಳುವುದು ಅಲ್ಲಿ. ಮಲೆನಾಡಿನಲ್ಲಿ ತಗ್ಗು ಎಂದರೆ ಹಳ್ಳ. ಹುಲಿಕಲ್ಲಿನಂಥ ಕಡೆ ವರ್ಷಕ್ಕೆ 6000 ಮಿಲಿಮೀಟರ್ ದಾಟಿ ಸುರಿಯುವ ಮಳೆ ಬ್ಯಾಟರಿಯ ಆಮ್ಲವನ್ನೂ ಸೀಸವನ್ನೂ ಅಲ್ಲೇ ಇರಗೊಡುವುದಿಲ್ಲ; ಹಳ್ಳ ಹಿಡಿಸಿ ಹೊಳೆಗೆ ಸೇರಿಸುತ್ತದೆ. ನಮ್ಮ ಹೊಳೆ ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ; ಹೊಸನಗರದ ಸೀಮೆ ಹಾದು ಸಾಗರದ ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ. ಮೂರು ತಾಲ್ಲೂಕನ್ನೂ ಮುಟ್ಟುವ ನೀರು ಅದು.

ಕಾನೂನು ಇಲ್ಲವೆಂದಲ್ಲ. 1974ರಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂತು. ಭೋಪಾಲ ದುರಂತದ ನಂತರ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. ಹಳೇ ಬ್ಯಾಟರಿಗೆ 2001ರಲ್ಲೇ ನಿಯಮ ಬಂತು, ಇ-ತ್ಯಾಜ್ಯಕ್ಕೆ 2011ರಲ್ಲಿ, ವಾಹನ ಒಡೆಯುವ ಕೇಂದ್ರಗಳಿಗೆ 2021ರಲ್ಲಿ. ಈ ನಿಯಮಗಳೆಲ್ಲ ಮುಖ್ಯವಾಗಿ ಸಾಮಾನನ್ನು ಹೆಸರಿಸಿ ಹುಟ್ಟಿದವು. ಅದನ್ನು ಕೊಂಡು, ಒಡೆದು, ಮಳೆಗಾಲ ಪೂರ್ತಿ ಬಯಲಲ್ಲಿ ಬಿಟ್ಟಿರುವ ಸಣ್ಣ ಅಂಗಡಿ ಎಲ್ಲಿರಬೇಕು ಎಂಬ ಪ್ರಶ್ನೆ ಸಂದಿಯಲ್ಲಿ ಉಳಿದುಬಿಟ್ಟಿದೆ. ನಮಗೆ ಬೇಕಾದದ್ದು ಆ ಪ್ರಶ್ನೆಗೇ ಉತ್ತರ.

ಗುಜರಿಯವರನ್ನು ಓಡಿಸಿ ಎನ್ನುತ್ತಿಲ್ಲ. ಅವರಿಲ್ಲದಿದ್ದರೆ ನಮ್ಮ ಹಿತ್ತಿಲ ಕಬ್ಬಿಣ, ಪ್ಲಾಸ್ಟಿಕ್ ಎಲ್ಲ ಎಂದೋ ಹೊಳೆಗೆ ಸೇರುತ್ತಿತ್ತು. ಆಮ್ಲ ಮೊದಲು ಸುಡುವುದೂ ಅವರ ಕೈಯನ್ನೇ. ಎತ್ತರದ ಜಾಗ, ಮೇಲೊಂದು ಸೂರು, ಕೆಳಗೆ ಸಿಮೆಂಟಿನ ನೆಲ ಅವರಿಗೂ ಬೇಕು.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿಯ ಹೆಸರೆತ್ತಿದರೆ ನಮ್ಮೂರುಗಳಲ್ಲಿ ಜಗಳ ಏಳುತ್ತದೆ. 2014ರಿಂದ ಕರಡು ಅಧಿಸೂಚನೆ ಬರುತ್ತಲೇ ಇದೆ, 2024ರ ಜುಲೈಯಲ್ಲೂ ಬಂತು. ಗುಜರಿಯ ಜಾಗ ಗೊತ್ತುಮಾಡಲು ಆ ಜಗಳ ತೀರುವವರೆಗೆ ಕಾಯಬೇಕಿಲ್ಲ. ಅಂಗಡಿಗೆ ಪರವಾನಗಿ ಕೊಡುವ ಅಧಿಕಾರ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಿಂದಲೇ ಗ್ರಾಮ ಪಂಚಾಯಿತಿಗಿದೆ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ನಿಮ್ಮೂರಿನ ಗುಜರಿ ಅಂಗಡಿಯ ಕೆಳಗೆ ಯಾವ ಹಳ್ಳವಿದೆ, ಅದರ ನೀರು ಯಾರ ಬಾವಿಗೆ ಇಳಿಯುತ್ತದೆ ಎಂದು ಎದ್ದು ನಿಂತು ಕೇಳಿ.