ಜಮಾದಾರನ ಧೋತ್ರದ ಚುಂಗು ಮತ್ತು ಒಂದು ಜಪಾನಿ ವಿಡಿಯೋ ಗೇಮ್

ನಮ್ಮೂರು ಚಿಂಚೋಳಿ ತಾಲ್ಲೂಕಿನ ಐನಾಪುರ. ಸುಗ್ಗಿ ಮುಗಿದ ಮೇಲೆ ಊರಿಗೆ ಹಗಲುವೇಷದವರು ಬರುತ್ತಿದ್ದರು. ಒಂದು ದಿನ ರಾಮ-ಲಕ್ಷ್ಮಣ, ಇನ್ನೊಂದು ದಿನ ರಾವಣ, ಮತ್ತೊಂದು ದಿನ ಪೊಲೀಸ್ ಜಮಾದಾರ. ಈ ಜಮಾದಾರ ಹತ್ತು ಹೆಜ್ಜೆಗೊಮ್ಮೆ ನಿಲ್ಲೋದು, ಇಲ್ಲದ ಧೋತ್ರದ ಚುಂಗು ಎತ್ತಿ ಹಿಡಿಯೋದು, ಗಂಟಲು ಸರಿ ಮಾಡಿಕೊಳ್ಳೋದು! ಹಾಕಿದ್ದು ಖಾಕಿ ಪ್ಯಾಂಟು, ಹಿಡಿಯೋದು ಧೋತ್ರ! ಓಣಿಯ ಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಾನು ಮಾತ್ರ ಪಿಳಿಪಿಳಿ ನೋಡುತ್ತಿದ್ದೆ. ಕೊನೆಗೆ ಸೋದರಮಾವ ಕಿವಿಯಲ್ಲಿ ಹೇಳಿದ: "ಏ ಹುಚ್ಚಾ, ಅದು ನಮ್ಮ ಗೌಡ್ರು ನಡಿಯೋ ಗತ್ತು ಅಲ್ಲೇನೋ!"

ಆಮೇಲೆ ನನಗೂ ನಗು ತಡೆಯಲಿಲ್ಲ.

ಎಷ್ಟೋ ವರ್ಷಗಳ ನಂತರ 'ಅರ್ತ್‌ಬೌಂಡ್' ಅನ್ನೋ ಹಳೆಯ ವಿಡಿಯೋ ಗೇಮ್ ಆಡುವಾಗ ಇದೆಲ್ಲ ನೆನಪಾಯಿತು. ಅದರಲ್ಲೂ ಹೆಜ್ಜೆಗೊಂದು ಧೋತ್ರದ ಚುಂಗು. ಆದರೆ ಕಿವಿಯಲ್ಲಿ ಹೇಳೋಕೆ ಸೋದರಮಾವ ಇರಲಿಲ್ಲ ಅಷ್ಟೆ. ಹಾಗಾಗಿ ಅದರ ಇತಿಹಾಸ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

ಮೊದಲು ಸ್ವಲ್ಪ ಹಿನ್ನೆಲೆ. 1986ರಲ್ಲಿ ಜಪಾನಿನಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಬಂತು. ಆಡುವವನೇ ಕಥೆಯ ನಾಯಕನ ವೇಷ ತೊಟ್ಟು ಆಡುವ ಆಟ. ರಾಜ, ಕತ್ತಿ, ರಾಕ್ಷಸರು, ಗೆದ್ದರೆ ಚಿನ್ನದ ನಾಣ್ಯ... ಆಮೇಲೆ ಬಂದ ಇಂಥ ಎಷ್ಟೋ ಆಟಗಳಿಗೆ ಇದೇ ಅಚ್ಚು. ಈ ಅಚ್ಚನ್ನು ಅಣಕಿಸಿದವರು ಶಿಗೆಸಾತೊ ಇತೊಯ್. ಇವರು ಮೂಲತಃ ಜಾಹೀರಾತುಗಳಿಗೆ ಸಾಲು ಬರೆಯುತ್ತಿದ್ದವರು. 'ಮೈ ನೇಬರ್ ಟೊಟೊರೊ' (1988) ಸಿನಿಮಾ ನೋಡಿದ್ದೀರಲ್ಲ, ಅದರ ಜಪಾನಿ ಆವೃತ್ತಿಯಲ್ಲಿ ಆ ಮಕ್ಕಳ ಅಪ್ಪನಿಗೆ ದನಿ ಕೊಟ್ಟವರೂ ಇವರೇ. ನಿಂಟೆಂಡೊ ಕಂಪನಿಗಾಗಿ 1989ರಲ್ಲಿ 'ಮದರ್' ಮಾಡಿದರು, 1994ರಲ್ಲಿ 'ಮದರ್ 2'. ಈ ಎರಡನೆಯದೇ 1995ರ ಜೂನಿನಲ್ಲಿ ಅಮೆರಿಕಕ್ಕೆ ಹೋಗಿ 'ಅರ್ತ್‌ಬೌಂಡ್' ಆಯಿತು.

ಇಲ್ಲಿ ನಾಯಕ ರಾಜಕುಮಾರ ಅಲ್ಲ, ಟೋಪಿ ಹಾಕಿದ ಶಾಲೆ ಹುಡುಗ. ಕತ್ತಿ ಬದಲು ಬೇಸ್‌ಬಾಲ್ ಬ್ಯಾಟು, ಜೊತೆಗಿರೋ ಹುಡುಗಿ ಕೈಯಲ್ಲಿ ಬಾಣಲೆ. ರಾಕ್ಷಸರನ್ನು ಹೊಡೆದರೆ ಚಿನ್ನ ಉದುರೋದಿಲ್ಲ. ಅಪ್ಪ ಬ್ಯಾಂಕಿಗೆ ದುಡ್ಡು ಹಾಕ್ತಾನೆ, ಎಟಿಎಂನಲ್ಲಿ ತೆಗೀಬೇಕು! ಆ ಅಪ್ಪನ ಮುಖ ಆಟ ಮುಗಿಯೋ ತನಕ ಕಾಣಿಸೋದೇ ಇಲ್ಲ, ಬರೀ ಫೋನಿನಲ್ಲಿ ಮಾತು.

ಇನ್ನು ಅಡಗಿಸಿಟ್ಟ ಸಂಗತಿಗಳು. 'ಮದರ್' ಅನ್ನೋ ಹೆಸರೇ ಜಾನ್ ಲೆನನ್ನನ 1970ರ ಹಾಡಿನಿಂದ ಬಂದದ್ದು. ದಾರಿಯಲ್ಲಿ ಒಂದು ಹಳದಿ ಜಲಾಂತರ್ಗಾಮಿ ಸಿಗುತ್ತೆ. ಬೀಟಲ್ಸ್ ಗೊತ್ತಿದ್ದವರು ಅಲ್ಲೇ ನಗುತ್ತಾರೆ. ಸಾಲದಲ್ಲಿ ಸಿಕ್ಕಿಬಿದ್ದ ಒಂದು ವಾದ್ಯಗೋಷ್ಠಿ ಬರುತ್ತೆ: ಕಪ್ಪು ಸೂಟು, ಕಪ್ಪು ಕನ್ನಡಕ. ಅವರು 1980ರ 'ದ ಬ್ಲೂಸ್ ಬ್ರದರ್ಸ್' ಸಿನಿಮಾದ ನೆರಳು.

ಮಜಾ ಶುರುವಾಗೋದು ಇಲ್ಲಿ. ಈ ಆಟ ನಡೆಯೋದು ಜಪಾನಿಯೊಬ್ಬ ಕಲ್ಪಿಸಿಕೊಂಡ ಅಮೆರಿಕದಲ್ಲಿ. ಅದನ್ನೇ ತಿರುಗಿ ಅಮೆರಿಕದವರಿಗೆ ಮಾರಬೇಕು! ಅಂದರೆ ವೇಷಗಾರ ಗೌಡರ ಮನೆ ಅಂಗಳದಲ್ಲೇ ಗೌಡರ ವೇಷ ಕಟ್ಟಿದ ಹಾಗೆ. ಹೆದರಿಕೆ ಇರೋದಿಲ್ಲವೇ? ವಾದ್ಯಗೋಷ್ಠಿಯ ಕಪ್ಪು ಸೂಟಿಗೆ ಬಣ್ಣ ಬಂತು. ಕೋಕಾ-ಕೋಲಾದಂತೆ ಕಾಣುತ್ತಿದ್ದ ಲಾರಿಯ ಬರಹ ಬದಲಾಯಿತು. ಆಸ್ಪತ್ರೆಯ ಕೆಂಪು ಶಿಲುಬೆ ಹೋಯಿತು, 'ಬಾರ್' ಇದ್ದದ್ದು 'ಕೆಫೆ' ಆಯಿತು.

ಹೀಗೆ ಒಂದು ಕೈ ಅಳಿಸುತ್ತಿದ್ದರೆ ಇನ್ನೊಂದು ಕೈ ತುಂಬುತ್ತಿತ್ತು. ಇಂಗ್ಲಿಷಿಗೆ ತಂದ ಮಾರ್ಕಸ್ ಲಿಂಡ್‌ಬ್ಲಮ್, ಜಪಾನಿನವರಿಗಷ್ಟೇ ನಗು ಬರೋ ಮಾತುಗಳ ಜಾಗದಲ್ಲಿ ಅಮೆರಿಕದವರಿಗೆ ತಿಳಿಯೋ ಹಾಸ್ಯ ಇಟ್ಟರು. ಬಗ್ಸ್ ಬನ್ನಿ ಬಂದ, ಬೆನ್ನಿ ಹಿಲ್ ಬಂದ. ಆ ಕೆಲಸದ ನಡುವೆಯೇ ಅವರಿಗೆ ಮಗಳು ಹುಟ್ಟಿದಳು. ಆಟದ ಒಂದು ಸಣ್ಣ ಪಾತ್ರಕ್ಕೆ ಮಗಳ ಹೆಸರನ್ನೇ ಇಟ್ಟುಬಿಟ್ಟರು. ಅವರಾಗಿ ಹೇಳದಿದ್ದರೆ ನಮಗೆ ಗೊತ್ತಾಗುತ್ತಿತ್ತೇ?

ಅಡಗಿದ್ದೆಲ್ಲ ನಗೆಯೇ ಅಲ್ಲ. ಇತೊಯ್ ಚಿಕ್ಕವರಿದ್ದಾಗ ತಪ್ಪಿ ಬೇರೆ ಯಾವುದೋ ಸಿನಿಮಾಕ್ಕೆ ಹೊಕ್ಕು, 1957ರ ಒಂದು ಕೊಲೆ ಚಿತ್ರದ ದೃಶ್ಯ ನೋಡಿ ಬೆದರಿದ್ದರಂತೆ. ಆಟದ ಕೊನೆಯ ಶತ್ರು ಗೀಗಸ್ ಆಡೋ ತುಂಡು ತುಂಡು ಮಾತುಗಳ ಹಿಂದೆ ಆ ಭಯ ಇದೆ. ಇಷ್ಟು ನಗಿಸಿದ ಆಟ ಕೊನೆಗೆ ಮೈ ನಡುಗಿಸುತ್ತೆ. ಯಾಕೆ ಅನ್ನೋದು ಇದನ್ನು ಓದಿದ ಮೇಲೆ ತಿಳಿಯಿತು.

1995ರಲ್ಲಿ ಅಮೆರಿಕದಲ್ಲಿ ಈ ಆಟ ಅಷ್ಟೇನೂ ಓಡಲಿಲ್ಲ. 'ಈ ಆಟ ನಾರುತ್ತೆ' ಅಂತ ತಾವೇ ಜಾಹೀರಾತು ಕೊಟ್ಟು, ಕೆರೆದರೆ ದುರ್ವಾಸನೆ ಬರೋ ಕಾಗದ ಹಂಚಿದ್ದರು! ಆಮೇಲೆ ಅಲ್ಲಿ ಮತ್ತೆ ಅಧಿಕೃತವಾಗಿ ಸಿಕ್ಕಿದ್ದು 2013ರಲ್ಲಿ. ಆಟದ ಸಂಗೀತ ಹಳೆಯ ರಾಕ್ ಹಾಡುಗಳನ್ನು ಹೋಲುತ್ತೆ, ಹಕ್ಕಿನ ತಕರಾರು ಬಂದೀತು ಅಂತ ತಡ ಮಾಡಿದರು ಅನ್ನೋದು ಅಭಿಮಾನಿಗಳ ಗುಮಾನಿ.

ಈ ಹದಿನೆಂಟು ವರ್ಷ ಆಟವನ್ನು ಬದುಕಿಸಿದ್ದು ಅದೇ ಅಭಿಮಾನಿಗಳು. ಅವರಲ್ಲೊಬ್ಬ ಟೋಬಿ ಫಾಕ್ಸ್ 2015ರಲ್ಲಿ 'ಅಂಡರ್‌ಟೇಲ್' ಮಾಡಿ ಹೆಸರಾದ. 2006ರ 'ಮದರ್ 3' ಜಪಾನಿ ಬಿಟ್ಟು ಬೇರೆ ಭಾಷೆಗೆ ಬರದಿದ್ದಾಗ, 2008ರಲ್ಲಿ ತಾವೇ ಇಂಗ್ಲಿಷಿಗೆ ತಂದರು. ಆ ತಂಡದ ಮುಂದಾಳು ಕ್ಲೈಡ್ ಮ್ಯಾಂಡೆಲಿನ್, 2016ರಲ್ಲಿ ಅರ್ತ್‌ಬೌಂಡ್ ಬಗ್ಗೆಯೇ ದಪ್ಪ ಪುಸ್ತಕ ತಂದರು. ಜಪಾನಿಯಲ್ಲಿ ಏನಿತ್ತು, ಇಂಗ್ಲಿಷಿನಲ್ಲಿ ಏನಾಯಿತು, ಯಾವ ಮಾತು ಎಲ್ಲಿಂದ ಬಂತು... ನಮ್ಮ ಹಳಗನ್ನಡ ಕಾವ್ಯಗಳಿಗೆ ಟೀಕು ಬರೆದ ಹಾಗೆ!

ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ಇಲ್ಲೇ. ಮೂವತ್ತು ವರ್ಷದ ಹಿಂದಿನ ಒಂದು ಆಟಕ್ಕೆ ಟೀಕು ಇದೆ. ನಮ್ಮ ಓಣಿಯ ಜಮಾದಾರನಿಗೆ? ಹಗಲುವೇಷ ಕಟ್ಟೋರಲ್ಲಿ ಮನೆಮಾತು ತೆಲುಗು ಇರುವ ಕುಟುಂಬಗಳೂ ಇವೆ. ಒಂದು ಮಾತು ಮನೆಯಲ್ಲಿ, ಇನ್ನೊಂದು ಮಾತು ಅಂಗಳದಲ್ಲಿ; ಊರು ಬದಲಾದಂತೆ ಹಾಸ್ಯ ಬದಲಿಸೋದು ಅವರಿಗೂ ಇದ್ದದ್ದೇ. ಲಿಂಡ್‌ಬ್ಲಮ್ ಮಾಡಿದ್ದೂ ಅದನ್ನೇ ಅಲ್ಲವೇ? ರಾಮಾಯಣದ ಮಾತುಗಳನ್ನು ಯಾರಾದರೂ ಬರೆದಿಟ್ಟಾರು. ಜಮಾದಾರ ಇಲ್ಲದ ಧೋತ್ರ ಎತ್ತಿದ್ದನ್ನು ಬರೆಯೋರು ಯಾರು? ಆ ಗೌಡರು ಈಗಿಲ್ಲ, ಕಿವಿಯಲ್ಲಿ ಹೇಳಿದ ಸೋದರಮಾವನೂ ಇಲ್ಲ. ನನ್ನ ವಯಸ್ಸಿನವರು ಹೋದ ಮೇಲೆ ಅದು ಬರೀ ಒಬ್ಬ ಪೊಲೀಸ್ ವೇಷ ಅಷ್ಟೆ.

ಹಾಸ್ಯ ಅಡಗಿಸಿಡೋದೇನೋ ಚಂದ. ಆದರೆ ಬಿಡಿಸಿ ಹೇಳೋರು ಒಬ್ಬರಾದರೂ ಉಳಿದಿರಬೇಕು. ಅದಕ್ಕೇ ಜಮಾದಾರನ ಕಥೆಯನ್ನು ಇಲ್ಲಿ ಬರೆದಿಟ್ಟೆ. ನಿಮ್ಮೂರ ವೇಷಗಾರರು ಯಾರನ್ನು ಅಣಕಿಸುತ್ತಿದ್ದರು? ನೆನಪಿದ್ದರೆ ನಿಮ್ಮ ನಿಮ್ಮ ಬ್ಲಾಗಿನಲ್ಲಿ ನೀವೂ ಬರೆದಿಡಿ. ಓದೋಕೆ ನಾನಂತೂ ಬರ್ತೀನಿ.